ಮುಷ್ಟಿಯೊಳಗಿನ ಕಣ್ಣು

ಹಳೆಯ ಚಿನ್ನದೊಡವೆ ರಿಪೇರಿ ಮಾಡುವ ಅಕ್ಕನಿಗೆ ತಾಯಿತ, ಅದೃಷ್ಟದ ಮೀನು, ದೃಷ್ಟಿ ತಡೆಯುವ ಕಣ್ಣು ಕಂಡರೆ ಮೂಗು ಮುರಿಯುವ ಚಟ. "ಇವು ಕಾಪಾಡೋ ಹಾಗಿದ್ರೆ, ಜನ ಭಯಕ್ಕೆ ಉಜ್ಜಿ ಉಜ್ಜಿ ಹೀಗ್ಯಾಕೆ ಸವೆಸ್ತಿದ್ರು?" ಎನ್ನುತ್ತಾಳೆ.

ಅಂದು ಮುದುಕಿಯೊಬ್ಬಳ ಪದಕದಲ್ಲಿ ಸವೆದಿದ್ದ ಕಣ್ಣನ್ನು ಹೊಸದಾಗಿ ಕೆತ್ತಿ, ಪಾಲಿಶ್ ಮಾಡಿ ಮುಗಿಸಿದ್ದಳು. ಅಕ್ಕನ ಮಗಳು ಹೆರಿಗೆಗೆಂದು ಬೆಳಿಗ್ಗೆಯೇ ಆಸ್ಪತ್ರೆ ಸೇರಿದ್ದಳು. "ನೀನು ಬಂದ್ರೆ ಡಾಕ್ಟರಿಗೂ ಬಿಪಿ ಏರತ್ತೆ. ಅಂಗಡೀಲೇ ಇರು, ಇವರು ಫೋನ್ ಮಾಡ್ತಾರೆ," ಎಂದು ಗಂಡನನ್ನು ತೋರಿಸಿದ್ದಳು. ಅಳಿಯನ ಫೋನು ಬರಲೇ ಇಲ್ಲ. ಅಕ್ಕ ಬಾಗಿಲಿಗೆ ಹೋದಳು, ಬಂದಳು, ತಕ್ಕಡಿ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಸಂಜೆ ಮುದುಕಿ ಬಂದು ಪದಕ ಕೇಳಿದಳು. ಅಕ್ಕ ಡ್ರಾಯರ್ ಎಳೆದಳು, ಇಲ್ಲ. ಮೇಜಿನ ಮೇಲೂ ಇಲ್ಲ.

"ನಿನ್ನ ಕೈಯಲ್ಲೇ ಇದ್ಯಲ್ಲಮ್ಮ!"

ಅಕ್ಕ ಮುಷ್ಟಿ ಬಿಚ್ಚಿದಳು. ಅವಳ ಹೆಬ್ಬೆರಳ ಬೆವರಿಗೆ ಹೊಸ ಕಣ್ಣು ಮಂಕಾಗಿತ್ತು. "ಮಗಳ ಹೆರಿಗೆ... ಇನ್ನೂ ಸುದ್ದಿ ಇಲ್ಲ. ತಾಳಿ, ಒರೆಸಿ ಕೊಡ್ತೀನಿ."

ಮುದುಕಿ ಸ್ಟೂಲ್ ಎಳೆದುಕೊಂಡು ಕುಳಿತಳು.

"ಒರೆಸೋದು ಆಮೇಲೆ. ಫೋನ್ ಬರೋವರೆಗೂ ಇಟ್ಕೋ."

ಅಕ್ಕ ಮುಷ್ಟಿ ಮುಚ್ಚಿದಳು.