ಅಂಚು ಮಡಿಸಿದ ಸಮುದ್ರ

ನಮ್ಮ ಮನೆಮಂದಿಯ ಜೊತೆ ಪ್ರವಾಸ ಹೋಗುವುದೆಂದರೆ ಸಣ್ಣದೊಂದು ಆಸ್ಪತ್ರೆಯನ್ನೇ ಕಾರಿನ ಡಿಕ್ಕಿಗೆ ತುಂಬಿಕೊಂಡು ಹೊರಟ ಹಾಗೆ. ಅಪ್ಪನಿಗೆ ನೆಲಮಹಡಿಯ ರೂಮೇ ಬೇಕು, ಬಿಸಿನೀರು ಹದವಾಗಿರಬೇಕು, ಗಂಟೆಗೊಮ್ಮೆ ಕಾರು ನಿಲ್ಲಬೇಕು. ಅಮ್ಮನಿಗೆ ಮನೆಯ ದಿಂಬಿಲ್ಲದಿದ್ದರೆ ನಿದ್ದೆ ಹತ್ತುವುದಿಲ್ಲ. ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ನಡೆಸುವವರು ನನ್ನ ಅತ್ತಿಗೆ. ಅಣ್ಣ ಕಾರು ಓಡಿಸುತ್ತಾನೆ, ಅಷ್ಟಕ್ಕೇ ಕೋಟೆ ಗೆದ್ದವನ ಹಾಗೆ ಬೀಗುತ್ತಾನೆ. ನಾನು ಮನೆಮಗಳು; ಕಿಟಕಿ ಪಕ್ಕದ ಸೀಟು ನನ್ನದು.

ಅತ್ತಿಗೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವಿಡೀ ಗಾಜು ಸಾಣೆ ಹಿಡಿದು ಫ್ರೇಮಿಗೆ ಕೂರಿಸುತ್ತಾರೆ. ಬಿಡುವಾದಾಗ ಬಟ್ಟೆ ಚೂರುಗಳನ್ನು ಕತ್ತರಿಸಿ, ರಟ್ಟಿಗೆ ಅಂಟಿಸಿ ಚಿತ್ರ ಮಾಡುತ್ತಾರೆ. ಅವರು ಮದುವೆಯಾಗಿ ಬಂದ ಈ ಹನ್ನೊಂದು ವರ್ಷ ಇದು ಹೊತ್ತು ಕಳೆಯುವ ಆಟವೆಂದೇ ನಾವೆಲ್ಲ ತಿಳಿದಿದ್ದೆವು. ಈ ಸಲ ಪ್ರಕಾಶಕರೊಬ್ಬರು ಅವರ ಮಕ್ಕಳ ಪುಸ್ತಕವನ್ನು ಅಚ್ಚು ಹಾಕಲು ಒಪ್ಪಿದ್ದರು. ಹನ್ನೆರಡು ಚಿತ್ರಗಳು ಹತ್ತನೇ ತಾರೀಕಿಗೆ ಕೈಸೇರಬೇಕು, ತಪ್ಪಿದರೆ ಮುಂದೆ ಯಾವಾಗಲಾದರೂ ನೋಡೋಣ ಎಂದಿದ್ದರು. ಹಾಗೆಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಂಬತ್ತು ಮುಗಿದಿದ್ದವು. ಅಷ್ಟರಲ್ಲಿ ಅಪ್ಪನಿಗೆ ಗುಡ್ಡದ ಹವೆ ಕುಡಿಯುವ ಆಸೆ ಹುಟ್ಟಿತು. ಒಂದನೇ ತಾರೀಕಿನಿಂದ ಒಂಬತ್ತರವರೆಗೆ.

"ಹತ್ತಕ್ಕೆ ಚಿತ್ರ ಕೊಡ್ಬೇಕು ಮಾವ," ಎಂದರು ಅತ್ತಿಗೆ.

"ಅದಕ್ಕೇನಂತೆ ತಾಯಿ? ಅಲ್ಲೂ ರೂಮಿರುತ್ತೆ, ಅಲ್ಲೇ ಕೂತು ಮಾಡು," ಎಂದರು ಅಪ್ಪ ಧಾರಾಳವಾಗಿ.

ನಾನಾದರೂ ಬಾಯಿ ಬಿಡಬಹುದಿತ್ತು. ಅತ್ತಿಗೆ ಬರದಿದ್ದರೆ ಬಿಸಿನೀರಿನ ಉಸ್ತುವಾರಿ ನನ್ನ ತಲೆಗೆ ಕಟ್ಟುತ್ತಾರೆಂದು ಸುಮ್ಮನಿದ್ದೆ.

ಉಳಿದ ಮೂರು ಚಿತ್ರಗಳ ತುಂಡುಗಳನ್ನೆಲ್ಲ ಕತ್ತರಿಸಿ, ಫೈಲೊಂದರಲ್ಲಿಟ್ಟುಕೊಂಡು ಅತ್ತಿಗೆ ಹೊರಟರು. ಇನ್ನು ಅಂಟಿಸುವುದಷ್ಟೇ ಬಾಕಿ. ಮೂರು ದಿನ ಆ ಫೈಲು ತೆರೆಯಲಿಲ್ಲ. ಅವರು ಕೂತರೆ ಸಾಕು, ಪಕ್ಕದ ರೂಮಿನಿಂದ ಕರೆ ಬರುತ್ತಿತ್ತು. ಮಾತ್ರೆ ಎಲ್ಲಿ, ಕಾಲುಚೀಲ ಎಲ್ಲಿ, ಈ ಫ್ಯಾನು ಯಾಕೆ ಹೀಗೆ ಸದ್ದು ಮಾಡುತ್ತೆ.

ನಾಲ್ಕನೆಯ ದಿನ ಮಧ್ಯಾಹ್ನ ಅಪ್ಪನ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಹೊಲಿಸಿಕೊಂಡು ಬರಲು ಹೋದವರು, ಹೇಳಬೇಕಾಗಿಲ್ಲ, ಅತ್ತಿಗೆ. ಅಮ್ಮ ಏನೋ ಹುಡುಕುತ್ತಾ ಆ ಫೈಲು ಬಿಚ್ಚಿದಳು.

ಅಮ್ಮ ಟೈಲರ್ ಅಂಗಡಿಯೊಂದಕ್ಕೆ ಇಪ್ಪತ್ತೆಂಟು ವರ್ಷ ಹೆಮ್ಮಿಂಗ್ ಮಾಡಿಕೊಟ್ಟವಳು. ಗುಡ್ಡದ ತುದಿಗೆ ಕರೆತಂದರೂ ಕಣಿವೆ ನೋಡದೆ ಹೋಟೆಲಿನ ಪರದೆಯ ಅಂಚನ್ನು ತಿರುವಿ ನೋಡುವವಳು. ದಾರ ಬಿಟ್ಟ ಬಟ್ಟೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಎರಡು ಗಂಟೆ ಹೊತ್ತು ಕತ್ತೆತ್ತದೆ ಹೊಲಿದಳು. ಅವಳಿಗೆ ಈಗ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟವಳು ನಾನೇ.

ಅತ್ತಿಗೆ ಬಂದಾಗ ಅಮ್ಮನ ಮುಖ ಅರಳಿತ್ತು. "ಅಂಚೆಲ್ಲ ದಾರ ದಾರ ಬಿಟ್ಟಿತ್ತಲ್ಲೇ, ಜನ ನೋಡಿದ್ರೆ ಏನಂದ್ಕೊಳ್ತಾರೆ? ಎಲ್ಲಾನೂ ಮಡಿಸಿ ಹೊಲಿದಿಟ್ಟಿದೀನಿ ನೋಡು."

ಅತ್ತಿಗೆ ಎರಡು ನೀಲಿ ತುಂಡುಗಳನ್ನು ಅಕ್ಕಪಕ್ಕ ಇಟ್ಟರು. ಅಂಚು ಮಡಿಸಿ ಕಿರಿದಾದ ಅವುಗಳ ನಡುವೆ ಈಗ ಬೆರಳು ತೂರುವಷ್ಟು ಸಂದು.

"ಆ ದಾರ ನೊರೆ ಅತ್ತೆ. ಸಮುದ್ರದ ನೊರೆ."

ಅಮ್ಮ ಪೆಚ್ಚಾದಳು. "ಅಷ್ಟೇ ತಾನೇ? ಕೊಡು, ಬಿಚ್ಚಿಬಿಡ್ತೀನಿ."

"ಸೂಜಿ ತೂತು ಉಳಿಯುತ್ತೆ. ಮೊದಲಿಂದ ಕತ್ತರಿಸ್ಬೇಕು, ಬಟ್ಟೆ ಮನೇಲಿದೆ." ಅತ್ತಿಗೆ ಮಂಚದ ಮೇಲೆ ಕೂತರು. ಕೂಗಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. "ನಾನು ಐದು ಗಂಟೆ ಬಸ್ಸಿಗೆ ಹೊರಡ್ತೀನಿ."

"ಇನ್ನೂ ಐದು ದಿನ ಇದೆಯಲ್ಲಮ್ಮ!" ಎಂದರು ಅಪ್ಪ.

"ನನಗೂ ಐದೇ ದಿನ ಇರೋದು ಮಾವ."

ಅಣ್ಣ ಏನೋ ಹೇಳಲು ಬಾಯಿ ತೆರೆದ. ಅತ್ತಿಗೆ ಅವನ ಕಡೆ ತಿರುಗಿ ನೋಡಿದರು. ಅವನು ತೆಪ್ಪಗೆ ಅವರ ಚೀಲ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆದ.

ಮರುದಿನ ಬೆಳಗ್ಗೆಯಿಂದ ಬಿಸಿನೀರು, ಮಾತ್ರೆ, ದಿಂಬು ಎಲ್ಲ ನನ್ನ ಪಾಲಿಗೆ ಬಂದವು. ಮಧ್ಯಾಹ್ನದೊಳಗೆ ಸುಸ್ತು ಹೊಡೆದು ಹೋದೆ. ಹನ್ನೊಂದು ವರ್ಷ ಇದನ್ನು ನೋಡುತ್ತಾ ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅಮ್ಮ ಅವತ್ತು ಎಲ್ಲಿಗೂ ಹೊರಡಲಿಲ್ಲ. ಅತ್ತಿಗೆ ಬಿಟ್ಟುಹೋದ ತುಂಡುಗಳನ್ನು ಮಂಚದ ತುಂಬ ಹರಡಿಕೊಂಡು, ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಸರಿಸುತ್ತಾ ಕೂತಿದ್ದಳು. ಒಂದು ದೋಣಿ, ಅರ್ಧ ಚಂದ್ರ, ಉದ್ದನೆಯ ಒಂದು ಬಾಲ.

"ಈ ಬಾಲ ಯಾರದು?" ಎಂದಳು. "ಏನು ಕತೆ ಇದು?"

ಅಪ್ಪ ನನ್ನ ಮುಖ ನೋಡಿದರು. ನಾನು ಅಣ್ಣನ ಮುಖ ನೋಡಿದೆ. ಅವನಿಗೂ ಗೊತ್ತಿರಲಿಲ್ಲ.

"ತಾಳು, ಅವಳನ್ನೇ ಕೇಳ್ತೀನಿ," ಎಂದು ಅವನು ಫೋನ್ ತೆಗೆದ.

ಅಮ್ಮ ಅವನ ಕೈ ಹಿಡಿದಳು. "ಈಗ ಬೇಡ ಕಣೋ. ಕೆಲಸ ಮಾಡ್ತಿರ್ತಾಳೆ."