ಪುಷ್ಪಲತಾ ಬರೆದುಕೊಟ್ಟ ‘ಕೀಲು’

ಹರಿಹರದ ನನ್ನ ಅಂಗಡಿಯಲ್ಲಿ ನಟ್ಟು, ಬೋಲ್ಟು, ಪಿನ್ನು ಸಿಗುತ್ತವೆ. ಯಾವುದಕ್ಕೆ ಅಂತ ನಾನು ಕೇಳುವುದಿಲ್ಲ. ಕೇಳುವ ಕೆಲಸ ಪುಷ್ಪಲತಾಳದು. ದಾವಣಗೆರೆಯ ವಿದ್ಯಾನಗರದ ಡಿಸೈನ್ ಆಫೀಸೊಂದರಲ್ಲಿ ಹನ್ನೊಂದು ವರ್ಷದಿಂದ ಆಕೆ ಯಂತ್ರಗಳನ್ನು ಕಂಪ್ಯೂಟರಿನೊಳಗೇ ಚೂರುಚೂರು ಮಾಡಿ, ಎಲ್ಲಿ ಎಷ್ಟು ಭಾರ ಬೀಳುತ್ತದೆಂದು ನೋಡುತ್ತಿದ್ದಳು. ಎರಡು ಭಾಗ ಕೂಡುವ ಕಡೆ ಹೇಗೆ ಕೂಡುತ್ತವೆಂದು ಕಂಪ್ಯೂಟರಿಗೆ ಹೇಳಲೇಬೇಕಂತೆ: ಬಾಗಿಲಿನಂತೆ ತಿರುಗುತ್ತದೋ, ಡ್ರಾಯರಿನಂತೆ ಜಾರುತ್ತದೋ, ಭುಜದ ಹಾಗೆ ಎತ್ತ ಬೇಕಾದರೂ ಹೊರಳುತ್ತದೋ, ಇಲ್ಲಾ ಬೆಸುಗೆ ಹಾಕಿದಂತೆ ಅಲುಗಾಡುವುದೇ ಇಲ್ಲವೋ. ಬೀಗತನ ಮಾಡುವಾಗಲೂ ನಮ್ಮಲ್ಲಿ ಇಷ್ಟು ವಿಚಾರಿಸುವುದಿಲ್ಲ.

ಆನಗೋಡಿನಲ್ಲಿ ಮೆಕ್ಕೆಜೋಳ ಸೋಸುವ ಯಂತ್ರವೊಂದರ ಜರಡಿ ತೂಗುವ ತೋಳು ಮುರಿಯಿತು. ಅದರ ಭಾರದ ಲೆಕ್ಕ ಆಕೆಯದು. “ತಪ್ಪು ನಿಮ್ಮದಾದ್ರೆ ಈ ತಿಂಗಳಿಗೇ ಕೊನೆ,” ಎಂದ ಆಫೀಸಿನ ಮಾಲೀಕ ಗಿರೀಶ. “ಸರಿ ಸರ್,” ಎಂದು ಆನಗೋಡಿಗೆ ಬಂದಳು. ಹೊಸ ಪಿನ್ನು ಕೊಡಲು ಹೋಗಿದ್ದ ನಾನೂ ಅಲ್ಲಿದ್ದೆ.

ಮುರಿದ ಜಾಗವನ್ನು ಆಕೆ ಹೆಚ್ಚು ಹೊತ್ತು ನೋಡಲಿಲ್ಲ. ತೋಳಿನ ತುದಿಯ ಪಿನ್ನನ್ನು ಬೆರಳಿನಿಂದ ಸವರಿದಳು. ಸುತ್ತಲೂ ಬೆಸುಗೆ.

“ಇದನ್ಯಾಕ ವೆಲ್ಡ್ ಮಾಡಿದ್ರಿ?”

“ನೀವೇ ಬರ್ದೀರಲ್ಲ ಮೇಡಮ್ಮ, ಇಲ್ಲಿ ಕೀಲು ಅಂತ,” ಎಂದ ಯಂತ್ರ ಕಟ್ಟಿದ ವಾಮದೇವಪ್ಪ. “ಕೀಲು ಅಂದ್ರೆ ಗೂಟ ಇದ್ದಂಗೆ, ಬಡಿಯೋದು. ಬಡ್ದೆ. ಸಡ್ಲ ಆಗ್ಬಾರ್ದಂತ ಒಂದ್ ಸುತ್ತು ವೆಲ್ಡೂ ಹಾಕ್ದೆ. ಪುಕ್ಕಟೆ.”

“ಕೀಲು ಅಂದ್ರೆ ಮೊಣಕಾಲು ಇದ್ದಂಗೆ. ತಿರುಗ್ಬೇಕು.”

“ನನ್ ಮೊಣಕಾಲು ತಿರುಗೋದ್ ಬಿಟ್ಟು ಎಂಟ್ ವರ್ಷ ಆತ್ರಿ!”

ನಾನು ನಕ್ಕೆ. ಆಕೆ ನಗಲಿಲ್ಲ. ವಾಮದೇವಪ್ಪನಿಗೆ ಇಂಗ್ಲಿಷ್ ಓದಲು ಬಾರದೆಂದು, ನಕ್ಷೆಯ ಮೇಲೆ ಆ ಒಂದು ಪದವನ್ನು ಕನ್ನಡದಲ್ಲಿ ಬರೆದುಕೊಟ್ಟವಳು ಆಕೆಯೇ.

ಮುಂದಿನದು ಆಕೆ ನನಗೆ ಹೇಳಿದ್ದು. ಆಫೀಸಿಗೆ ಹೋಗಿ, ಕಂಪ್ಯೂಟರಿನಲ್ಲಿ ತಿರುಗುವ ಜೋಡಣೆ ತೆಗೆದು ಬಿಗಿ ಜೋಡಣೆ ಹಾಕಿದಳು. ತೋಳು ಎಲ್ಲಿ ಮುರಿದಿತ್ತೋ ಸರಿಯಾಗಿ ಅಲ್ಲೇ, ಭಾರ ತಾಳದೆಂದು ತೋರಿಸುವ ಕೆಂಪು ಬಂತು. ಲೆಕ್ಕದಲ್ಲಿ ತಪ್ಪಿರಲಿಲ್ಲ.

“ಬಚಾವಾದ್ರಿ. ವೆಲ್ಡರ್ ತಪ್ಪು ಅಂತ ಬರ್ದ್ಬಿಡ್ರಿ,” ಎಂದ ಗಿರೀಶ.

ಆಕೆ ವರದಿಯಲ್ಲಿ ಬರೆದಳು: ‘ಕೀಲು ಎಂದು ಬರೆದದ್ದು ನಾನು. ತಿರುಗಬೇಕು ಎಂದು ಬರೆಯಲಿಲ್ಲ.’

ತಿಂಗಳ ಕೊನೆಗೆ ಕೆಲಸ ಹೋಯಿತು. ಆ ಸಂಜೆ ಹರಿಹರದ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಸಿಕ್ಕಳು.

“ಒಂದ್ ಸಾಲು ಬ್ಯಾರೆ ಬರ್ದಿದ್ರೆ ಏನಾಗ್ತಿತ್ರಿ? ನಮ್ ವ್ಯಾಪಾರದಾಗೆ ದಿನಕ್ಕ ಹತ್ತು ಸುಳ್ಳು ಹೇಳ್ತೀವಿ,” ಎಂದೆ.

“ಬರೆಯೋವಾಗ ಏನೂ ಅನ್ನಿಸ್ಲಿಲ್ಲ ಸಾಹುಕಾರ್ರೆ.”

“ಈಗ?”

ಆಕೆ ಸ್ವಲ್ಪ ಯೋಚಿಸಿದಳು. “ಈಗ್ಲೂ ಇಲ್ಲ. ನಿಮ್ ಸ್ಟಾಪ್ ಬಂತು, ಇಳೀರಿ.”