ದೊಡ್ಡಮ್ಮನ ಬಲಭುಜ

ದೊಡ್ಡಮ್ಮನ ಬಲಭುಜ ಎಡಭುಜಕ್ಕಿಂತ ದಪ್ಪವಾಗಿತ್ತು. ರವಿಕೆಯ ಆ ತೋಳನ್ನು ಒಂದು ಬೆರಳು ಸಡಿಲವಾಗಿ ಹೊಲಿಸಬೇಕಾಗುತ್ತಿತ್ತು. ಬೆಂಗಳೂರಿನ ಸಮೀಪದ ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುವ ರಾಟೆಯನ್ನು ಹಗಲೆಲ್ಲ ತಿರುಗಿಸಿ ಬಲಿತ ಭುಜ ಅದು. ಕೈ ನಿಲ್ಲಿಸಿದರೆ ಎಳೆ ಕಡಿಯುತ್ತದೆಂದು ಮೂಗಿನ ಮೇಲಿನ ನೊಣವನ್ನೂ ಊದಿಯೇ ಓಡಿಸುತ್ತಿದ್ದರು. ತಾಯಿಯಿಲ್ಲದ ನನ್ನನ್ನು ಸಾಕಿ, ಬೆಂಗಳೂರಿನ ಕಾಲೇಜಿಗೆ ಕಳುಹಿಸಿದವರು ಅವರೇ.

ಯುದ್ಧಕಾಲದ ಒಂದು ಸಂಕ್ರಾಂತಿಯ ಮರುದಿನ, ರೇಷ್ಮೆಗೂಡಿನ ಬುಟ್ಟಿ ಹೊತ್ತಿದ್ದ ದೊಡ್ಡಮ್ಮ ಜಾರಿ ಬಿದ್ದು ಆ ಭುಜದ ಕೀಲು ತಪ್ಪಿತು. ನಲ್ಲೂರು ಕಡೆಯ ನಾಟಿ ವೈದ್ಯರು ಅಂದೇ ಕೀಲು ಕೂರಿಸಿ, ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಬಳಿದ ಬಟ್ಟೆಯಿಂದ ತೋಳನ್ನು ಎದೆಗೆ ಬಿಗಿದರು.

"ಇಪ್ಪತ್ತೊಂದನೇ ದಿನ ನಾನೇ ಬಂದು ಬಿಚ್ತೀನಿ ಕಣಮ್ಮ. ಬ್ಯಾರೆ ಕೈ ಮುಟ್ಟಂಗಿಲ್ಲ" ಎಂದರಂತೆ.

ಕಟ್ಟಿದವರೇ ಬಿಚ್ಚಬೇಕು, ಇಲ್ಲವೇ ಅವರ ಮಗ. ಆ ಕಡೆಯ ನಂಬಿಕೆ ಹಾಗಿತ್ತು. ಆ ದಿನ ಬರುವ ಮುನ್ನವೇ ವೈದ್ಯರು ಚಳಿಜ್ವರದಿಂದ ತೀರಿಕೊಂಡರು. ಮಗ ಯುದ್ಧಕ್ಕೆ ಹೋದ ದಂಡಿನಲ್ಲಿದ್ದ.

ಶಿವರಾತ್ರಿಗೆ ಊರಿಗೆ ಹೋದ ನಾನು ಕತ್ತರಿ ಕೈಗೆತ್ತಿಕೊಂಡೆ.

"ಕೆಳಗಿಕ್ಕಲಾ ಅದನ್ನ! ನಿಮ್ ಕಾಲೇಜ್ನಾಗೆ ಕಟ್ಟು ಬಿಚ್ಚೋದೂ ಹೇಳ್ಕೊಡ್ತಾರಾ?"

"ಕೈ ಮರಗಟ್ಟೋಯ್ತದೆ ದೊಡ್ಡಮ್ಮ."

"ವೈದ್ಯನ ಮಗ ಬತ್ತಾನೆ ಬಿಡು. ಈ ಕೈ ಕೆಟ್ರೆ ನಿನ್ನ ಯಾರ್ಲಾ ಓದಿಸ್ತಾರೆ?"

ಕತ್ತರಿ ಕೆಳಗಿಟ್ಟೆ. ಮರುದಿನ ಬಸ್ಸು ಹತ್ತಿದೆ.

ಯುಗಾದಿ ಕಳೆದರೂ ಆ ಮಗನಿಗೆ ರಜೆ ಸಿಗಲಿಲ್ಲ. ಕೊನೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕಟ್ಟು ಕತ್ತರಿಸಿದಾಗ ತೋಳು ಎದೆ ಬಿಟ್ಟು ಒಂದು ಗೇಣೂ ಏಳಲಿಲ್ಲ. ಅರಿವಳಿಕೆ ಕೊಟ್ಟು ಕೀಲನ್ನು ಬಲವಂತವಾಗಿ ತಿರುಗಿಸಿದರು. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿಕೊಟ್ಟರು. "ಹಲ್ಲಿ ಮಾಡ್ಬಿಟ್ರಲ್ಲ ಸ್ವಾಮಿ ನನ್ನ!" ಎಂದು ದೊಡ್ಡಮ್ಮ ನಕ್ಕರು. ಬೆರಳು ಗಲ್ಲದ ಮಟ್ಟ ದಾಟಲಿಲ್ಲ. ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು, "ಕೀಲು ಸರಿಯಾಗೇ ಕೂತಿತ್ತಪ್ಪ. ತಿಂಗಳೊಳಗೆ ಬಿಚ್ಚಿದ್ದರೆ ಕೈ ಆಡ್ತಿತ್ತು" ಎಂದರು.

ದೊಡ್ಡಮ್ಮ ಮತ್ತೆ ರಾಟೆಗೆ ಕೂರಲಿಲ್ಲ. ಕಂಡವರ ಮನೆಯಲ್ಲಿ ಎಡಗೈಯಿಂದ ಗೂಡು ಆರಿಸಿ ನನ್ನ ಓದು ಮುಗಿಸಿದರು. ಒಂದು ದಿನವೂ ನನ್ನನ್ನು ದೂರಲಿಲ್ಲ.

ಇದು 1944ರ ಮಾತೆಂದು ಬಹುಕಾಲ ನಂಬಿದ್ದೆ. ಆ ವರ್ಷ ಸಂಕ್ರಾಂತಿಗೂ ಶಿವರಾತ್ರಿಗೂ ನಡುವೆ ಐದು ವಾರ ಮೀರಿತ್ತು. ನಾನು ಹೋಗುವಷ್ಟರಲ್ಲೇ ಕಾಲ ಮಿಂಚಿತ್ತೆಂಬ ಸಮಾಧಾನವಿತ್ತು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಆಸ್ಪತ್ರೆಯ ಚೀಟಿ ಸಿಕ್ಕಿತು. ಅದರಲ್ಲಿದ್ದ ಇಸವಿ 1945. ಆ ವರ್ಷದ ಎರಡು ಪಂಚಾಂಗಗಳನ್ನು ತಾಳೆ ನೋಡಿದೆ. ಆ ಶಿವರಾತ್ರಿಗೆ ಕಟ್ಟು ಬಿದ್ದು ನಾಲ್ಕೇ ವಾರವಾಗಿತ್ತು. ತಿಂಗಳು ತುಂಬಲು ಇನ್ನೂ ಎರಡು ದಿನವಿತ್ತು. ಲೆಕ್ಕದಲ್ಲಿ ತಪ್ಪೇನಾದರೂ ಇರಲಿ ಎಂದು ಹಾರೈಸಿ ಮೂರನೆಯ ಪಂಚಾಂಗವನ್ನೂ ತರಿಸಿದೆ.

ಇರಲಿಲ್ಲ.